ಲೆಕ್ಕದ ಹಾಳೆಯಿಂದ ವಾರ್ಷಿಕ ವರದಿಗೆ: ಸಹಕಾರಿ ಸಂಘದ ಕೆಲಸದಲ್ಲಿ ಲಿಬ್ರೆಆಫೀಸ್

ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಯುತ್ತದೆ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಸರ್ವಸಾಧಾರಣ ಸಭೆ ನಡೆಯಬೇಕು. ಇವೆರಡರ ನಡುವಿನ ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಸೇವಾ ಸಹಕಾರಿ ಸಂಘಗಳ ಕಚೇರಿಗಳಲ್ಲಿ ವಾರ್ಷಿಕ ವರದಿಯ ಪುಸ್ತಕ ಸಿದ್ಧವಾಗುತ್ತದೆ. ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್), ಲಾಭ-ಹಾನಿ ಪತ್ರಿಕೆ, ಠೇವುಗಳ (ಠೇವಣಿಗಳ) ವಿವರ, ಬೆಳೆಸಾಲದ ವಸೂಲಿ, ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ವಿಂಗಡಿಸಿದ ಅಡಿಕೆಯ ಮಹಸೂಲು ವಿಕ್ರಿ, ಕಾಳುಮೆಣಸಿನ ವಿಕ್ರಿ ಇವೆಲ್ಲವೂ ಲೆಕ್ಕದ ಹಾಳೆಯಲ್ಲಿ ಮೊದಲೇ ತಯಾರಿರುತ್ತವೆ. ಕಷ್ಟ ಶುರುವಾಗುವುದು ಅವುಗಳನ್ನು ವರದಿಯ ಬರಹದ ನಡುವೆ ತಂದು ಕೂರಿಸುವಾಗ. ಕೋಷ್ಟಕ ಪುಟದ ಅಂಚನ್ನು ದಾಟಿ ಹೋಗುತ್ತದೆ, ಕೊನೆಯ ಸಾಲುಗಳು ಕಾಣೆಯಾಗುತ್ತವೆ, ಕನ್ನಡ ಅಕ್ಷರಗಳು ಚಿಹ್ನೆಗಳ ರಾಶಿಯಾಗುತ್ತವೆ, ಲೆಕ್ಕದಲ್ಲಿ ತಿದ್ದಿದ ಅಂಕಿ ವರದಿಯಲ್ಲಿ ಹಳೆಯದೇ ಉಳಿಯುತ್ತದೆ. ವರದಿ ಪ್ರತಿಯೊಬ್ಬ ಸದಸ್ಯರ ಕೈಗೆ ಹೋಗುವ ದಾಖಲೆಯಾದ್ದರಿಂದ ಇವು ಯಾವುವೂ ಸಣ್ಣ ತೊಂದರೆಗಳಲ್ಲ. ಈ ಒಂದು ಕೆಲಸಕ್ಕೆ ಲಿಬ್ರೆಆಫೀಸ್ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ಮಾತ್ರ ಇಲ್ಲಿ ಪರಿಶೀಲಿಸಿದ್ದೇನೆ; ಅದರ ಉಳಿದ ಗುಣದೋಷಗಳ ಗೋಜಿಗೆ ಹೋಗಿಲ್ಲ.

ಲಿಬ್ರೆಆಫೀಸ್ 2010ರಲ್ಲಿ ಓಪನ್‌ಆಫೀಸ್ ಯೋಜನೆಯಿಂದ ಬೇರೆಯಾಗಿ ಬಂದದ್ದು. ದಿ ಡಾಕ್ಯುಮೆಂಟ್ ಫೌಂಡೇಶನ್ ಎಂಬ ಲಾಭರಹಿತ ಪ್ರತಿಷ್ಠಾನ ಅದನ್ನು ನೋಡಿಕೊಳ್ಳುತ್ತದೆ. ಅದಕ್ಕೆ ಹಣ ಕೊಡಬೇಕಿಲ್ಲ, ಎಷ್ಟು ಕಂಪ್ಯೂಟರುಗಳಿಗೆ ಬೇಕಾದರೂ ಹಾಕಿಕೊಳ್ಳಬಹುದು, ಒಮ್ಮೆ ಹಾಕಿಕೊಂಡ ಮೇಲೆ ಅಂತರ್ಜಾಲದ ಹಂಗೂ ಇಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಡುವ ಹಳ್ಳಿಯ ಕಚೇರಿಗೆ ಈ ಕೊನೆಯ ಗುಣ ಬಹಳ ದೊಡ್ಡದು. ಲೆಕ್ಕದ ಹಾಳೆಗೆ ಕ್ಯಾಲ್ಕ್, ಬರಹಕ್ಕೆ ರೈಟರ್ ಎಂಬ ಎರಡು ಭಾಗಗಳು ಅದರಲ್ಲಿವೆ. ಎಕ್ಸೆಲ್ ಕಡತಗಳನ್ನೂ ಕ್ಯಾಲ್ಕ್ ತೆರೆಯುತ್ತದೆ.

ಕ್ಯಾಲ್ಕ್‌ನಲ್ಲಿ ಸೆಲ್‌ಗಳನ್ನು ಆಯ್ದು ಕಾಪಿ ಮಾಡಿ, ರೈಟರ್‌ಗೆ ಬಂದು ಕಂಟ್ರೋಲ್-ವಿ ಒತ್ತುವುದು ಎಲ್ಲರೂ ಅನುಸರಿಸುವ ದಾರಿ. ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದೂ ಅಲ್ಲಿಯೇ. ಕಾಪಿ ಮಾಡಿದ ಮಾಹಿತಿ ಒಂದೇ ರೂಪದಲ್ಲಿರುವುದಿಲ್ಲ; ಪೂರ್ಣ ಹಾಳೆಯಾಗಿ, ಕೋಷ್ಟಕವಾಗಿ, ಚಿತ್ರವಾಗಿ, ಬರಿಯ ಪಠ್ಯವಾಗಿ, ಜೀವಂತ ಕೊಂಡಿಯಾಗಿ, ಹೀಗೆ ಏಕಕಾಲಕ್ಕೆ ಹಲವು ರೂಪಗಳಲ್ಲಿ ಅದು ಲಭ್ಯವಿರುತ್ತದೆ. ಕಂಟ್ರೋಲ್-ವಿ ಒತ್ತಿದಾಗ ಇವುಗಳಲ್ಲಿ ಯಾವುದು ಬೇಕೆಂದು ತಂತ್ರಾಂಶವೇ ತೀರ್ಮಾನಿಸುತ್ತದೆ, ನಮ್ಮನ್ನು ಕೇಳುವುದಿಲ್ಲ. ಕಂಟ್ರೋಲ್-ಶಿಫ್ಟ್-ವಿ ಒತ್ತಿದರೆ ಮಾತ್ರ ಪೇಸ್ಟ್ ಸ್ಪೆಷಲ್ ಎಂಬ ಪಟ್ಟಿ ತೆರೆದುಕೊಂಡು ಎಲ್ಲ ಆಯ್ಕೆಗಳೂ ಎದುರಿಗೆ ಬರುತ್ತವೆ. ವರದಿಯ ಕೆಲಸ ಮಾಡುವವರು ಕಲಿಯಲೇಬೇಕಾದ ಒಂದೇ ಒಂದು ಕೀಲಿ ಇದ್ದರೆ ಅದು ಇದೇ ಎಂದು ನಾನು ಹೇಳುತ್ತೇನೆ. ಅಂಟಿಸುವ ಮೊದಲು ‘ಈ ಕೋಷ್ಟಕ ವರದಿಯೊಳಗೆ ಯಾವ ರೂಪದಲ್ಲಿ ಇರಬೇಕು’ ಎಂದು ತೀರ್ಮಾನಿಸಿದವರಿಗೆ ಮುಂದಿನ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದೇ ಇಲ್ಲ.

ಪಟ್ಟಿಯಲ್ಲಿ ಕಾಣುವ ಕ್ಯಾಲ್ಕ್ ಸ್ಪ್ರೆಡ್‌ಶೀಟ್ ಎಂಬ ಆಯ್ಕೆ ಲೆಕ್ಕದ ಹಾಳೆಯನ್ನೇ ಒಂದು ವಸ್ತುವಾಗಿ ವರದಿಯೊಳಗೆ ಹುದುಗಿಸುತ್ತದೆ. ಅದರ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಅಲ್ಲಿಯೇ ಕ್ಯಾಲ್ಕ್ ತೆರೆದುಕೊಂಡು ಸೂತ್ರಗಳೂ ಕೆಲಸ ಮಾಡುತ್ತವೆ. ನೋಡಲು ಬಹಳ ಆಕರ್ಷಕವಾದ ಈ ವ್ಯವಸ್ಥೆ ವಾರ್ಷಿಕ ವರದಿಗೆ ಹೊಂದುವುದಿಲ್ಲ. ಹುದುಗಿಸಿದ ವಸ್ತು ಎರಡು ಪುಟಗಳಿಗೆ ಒಡೆಯುವುದಿಲ್ಲ. ಐವತ್ತು ಅರವತ್ತು ಸಾಲುಗಳ ಅಢಾವೆ ಪತ್ರಿಕೆಯನ್ನು ಹೀಗೆ ತಂದರೆ ಒಂದು ಪುಟಕ್ಕೆ ಹಿಡಿಸುವಷ್ಟು ಮಾತ್ರ ಕಾಣುತ್ತದೆ, ಇಲ್ಲವೇ ಇಡೀ ವಸ್ತು ಕುಗ್ಗಿ ಅಕ್ಷರಗಳು ಓದಲಾಗದಷ್ಟು ಚಿಕ್ಕದಾಗುತ್ತವೆ. ‘ಕೊನೆಯ ಸಾಲುಗಳು ಎಲ್ಲಿ ಹೋದವು’ ಎಂದು ಹುಡುಕುವವರು ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ: ಕೋಷ್ಟಕದ ಮೇಲೆ ಒಮ್ಮೆ ಕ್ಲಿಕ್ ಮಾಡಿದಾಗ ಒಳಗೆ ಕರ್ಸರ್ ಬಾರದೆ, ಸುತ್ತಲೂ ಹಿಡಿಕೆಗಳಿರುವ ಚೌಕಟ್ಟು ಕಂಡರೆ ಅದು ಕೋಷ್ಟಕವಲ್ಲ, ಹುದುಗಿಸಿದ ವಸ್ತು ಅಥವಾ ಚಿತ್ರ.

ಹುದುಗಿಸುವುದರಲ್ಲಿ ಇನ್ನೊಂದು ಅಪಾಯವಿದೆ. ಅದನ್ನು ಸ್ವಲ್ಪ ಒತ್ತಿ ಹೇಳಬೇಕೆನಿಸುತ್ತದೆ. ಮೈಕ್ರೋಸಾಫ್ಟ್ ಎಕ್ಸೆಲ್‌ನಿಂದ ವರ್ಡ್‌ಗೆ ವರ್ಕ್‌ಶೀಟ್ ಆಬ್ಜೆಕ್ಟ್ ಆಗಿ ತಂದಾಗ ಕಾಣುವ ಹತ್ತು ಸಾಲುಗಳ ಹಿಂದೆ ಇಡೀ ವರ್ಕ್‌ಬುಕ್ ವರ್ಡ್ ಕಡತದೊಳಗೆ ಸೇರಿಕೊಳ್ಳುತ್ತದೆ. ಮೊದಲ ಹಾಳೆಯಲ್ಲಿ ಸಾಲದ ಒಟ್ಟು ಮೊತ್ತ ಮಾತ್ರ ಇದ್ದು, ಮೂರನೆಯ ಹಾಳೆಯಲ್ಲಿ ಸದಸ್ಯವಾರು ಬಾಕಿಯ ವಿವರ ಇದ್ದರೆ, ಆ ವರ್ಡ್ ಕಡತವನ್ನು ಮುದ್ರಣಾಲಯಕ್ಕೆ ಇಮೇಲ್ ಮಾಡಿದಾಗ ಯಾರ ಬಾಕಿ ಎಷ್ಟು ಎಂಬುದೂ ಜೊತೆಗೆ ಹೋಗುತ್ತದೆ. ಎಲ್ಲರಿಗೂ ಎಲ್ಲರೂ ಪರಿಚಿತರಾಗಿರುವ ನಮ್ಮ ಊರುಗಳಲ್ಲಿ ಇದು ಒಂದು ಮನೆಯ ಮರ್ಯಾದೆಯ ಪ್ರಶ್ನೆ. ಯಾವ ತಂತ್ರಾಂಶವೇ ಆಗಿರಲಿ, ಹೊರಗೆ ಹೋಗುವ ಕಡತದಲ್ಲಿ ಹುದುಗಿಸಿದ ಹಾಳೆ ಇರಬಾರದು ಎಂಬ ನಿಯಮವನ್ನು ಸಂಘದ ಕಚೇರಿಗಳು ಕಟ್ಟುನಿಟ್ಟಾಗಿ ಪಾಲಿಸಬೇಕು.

ವಾರ್ಷಿಕ ವರದಿಗೆ ಸರಿಯಾದ ಆಯ್ಕೆ ಅಕ್ಷರದ ಜೊತೆ ಅದರ ಅಲಂಕಾರವನ್ನೂ ಹೊತ್ತು ತರುವ ಆರ್‌ಟಿಎಫ್ ಅಥವಾ ಎಚ್‌ಟಿಎಂಎಲ್. ಇವೆರಡರಲ್ಲಿ ಯಾವುದನ್ನು ಆರಿಸಿದರೂ ರೈಟರ್‌ನದೇ ಆದ ನಿಜವಾದ ಕೋಷ್ಟಕ ಸಿಗುತ್ತದೆ. ಅದು ಪುಟದಿಂದ ಪುಟಕ್ಕೆ ಹರಿಯುತ್ತದೆ, ಅದರೊಳಗಿನ ಪದವನ್ನು ತಿದ್ದಬಹುದು, ಹುಡುಕಬಹುದು. ಇಲ್ಲಿ ರೈಟರ್‌ನ ನಿಜವಾದ ಸಾಮರ್ಥ್ಯ ಕಾಣುತ್ತದೆ. ಟೇಬಲ್ ಪ್ರಾಪರ್ಟೀಸ್‌ನ ಟೆಕ್ಸ್ಟ್ ಫ್ಲೋ ವಿಭಾಗದಲ್ಲಿ ರಿಪೀಟ್ ಹೆಡಿಂಗ್ ಎಂಬುದನ್ನು ಆರಿಸಿದರೆ ಶೀರ್ಷಿಕೆಯ ಸಾಲು ಪ್ರತಿ ಪುಟದ ತಲೆಯಲ್ಲೂ ತಾನಾಗಿ ಬರುತ್ತದೆ. ಅಲ್ಲಿಯೇ, ಒಂದು ಸಾಲು ಎರಡು ಪುಟಗಳಿಗೆ ತುಂಡಾಗದಂತೆಯೂ ತಡೆಯಬಹುದು. ಅಗಲದ ತೊಂದರೆಗೆ ಅದೇ ಸಂವಾದದ (ಡೈಲಾಗ್ ಕಿಟಕಿಯ) ಮೊದಲ ವಿಭಾಗದಲ್ಲಿ ಅಲೈನ್‌ಮೆಂಟ್ ಅನ್ನು ಆಟೋಮ್ಯಾಟಿಕ್ ಎಂದು ಇಟ್ಟರೆ ಕೋಷ್ಟಕ ಅಂಚುಗಳ ನಡುವೆ ಕುಳಿತುಕೊಳ್ಳುತ್ತದೆ. ಸಾಲಿನ ಎತ್ತರವನ್ನು ಮಾತ್ರ ಕನ್ನಡಿಗರು ತಪ್ಪದೆ ನೋಡಿಕೊಳ್ಳಬೇಕು. ಎತ್ತರ ನಿಗದಿಯಾಗಿದ್ದರೆ ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಜಾಗ ಕನ್ನಡದ ಒತ್ತಕ್ಷರಕ್ಕೆ ಸಾಲದೆ, ‘ಒಟ್ಟು’, ‘ಮೊತ್ತ’, ‘ಬಡ್ಡಿ’ ಇವುಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ರೋ ಹೈಟ್ ಸಂವಾದದಲ್ಲಿ ಫಿಟ್ ಟು ಸೈಜ್ ಎಂಬುದಕ್ಕೆ ಗುರುತು ಹಾಕಿದರೆ ಸಾಲು ಅಕ್ಷರಕ್ಕೆ ತಕ್ಕಂತೆ ಎತ್ತರವಾಗುತ್ತದೆ. ಲೆಕ್ಕಪತ್ರದಲ್ಲಿ ಬರುವ ಹಲವು ಮುಖ್ಯ ಪದಗಳಲ್ಲಿ ಒತ್ತು ಇದೆಯಾದ್ದರಿಂದ ಈ ಗುರುತಿನ ಬಗ್ಗೆ ಉದಾಸೀನ ಸಲ್ಲದು.

ಲೆಕ್ಕದ ಹಾಳೆಯಲ್ಲಿ ಬಣ್ಣ, ಗೆರೆ, ವಿಲೀನಗೊಂಡ ಸೆಲ್‌ಗಳು ವಿಪರೀತವಾಗಿದ್ದರೆ ಅನ್‌ಫಾರ್ಮ್ಯಾಟೆಡ್ ಟೆಕ್ಸ್ಟ್ ಎಂಬ ಆಯ್ಕೆಯೇ ವಾಸಿ. ಕಂಟ್ರೋಲ್-ಆಲ್ಟ್-ಶಿಫ್ಟ್-ವಿ ಒತ್ತಿದರೆ ಪಟ್ಟಿ ತೆರೆಯದೆ ನೇರವಾಗಿ ಇದೇ ಸಿಗುತ್ತದೆ. ಸೆಲ್‌ಗಳ ನಡುವೆ ಟ್ಯಾಬ್ ಇರುವ ಬರಿಯ ಪಠ್ಯವಾಗಿ ಅದು ಬರುತ್ತದೆ. ಅದನ್ನು ಆಯ್ದು ಟೇಬಲ್ ಮೆನುವಿನ ಕನ್ವರ್ಟ್‌ನಲ್ಲಿ ಟೆಕ್ಸ್ಟ್ ಟು ಟೇಬಲ್ ಎಂಬುದನ್ನು ಒತ್ತಿದರೆ ಯಾವ ಹಳೆಯ ಅಲಂಕಾರವೂ ಅಂಟಿಕೊಂಡಿರದ ಹೊಸ ಕೋಷ್ಟಕ ಸಿದ್ಧವಾಗುತ್ತದೆ. ಹೆಚ್ಚಿನ ಕೆಲಸ ಎನಿಸಿದರೂ ಬೇರೆ ಬೇರೆ ಗುಮಾಸ್ತರು ಬೇರೆ ಬೇರೆ ರೀತಿಯಲ್ಲಿ ತಯಾರಿಸಿದ ಹಾಳೆಗಳನ್ನು ಒಂದೇ ವರದಿಗೆ ಸೇರಿಸುವಾಗ ಈ ದಾರಿಯಲ್ಲಿ ಒಟ್ಟು ಸಮಯ ಉಳಿಯುತ್ತದೆ. ಚಿತ್ರವಾಗಿ ಅಂಟಿಸುವ ಆಯ್ಕೆಯನ್ನು ಗ್ರಾಫ್‌ಗೆ ಬಳಸಬಹುದು, ಅಂಕಿಗಳಿಗೆ ಬಳಸಬಾರದು.

ಇನ್ನು ಜೀವಂತ ಕೊಂಡಿಯ ವಿಷಯ. ಪೇಸ್ಟ್ ಸ್ಪೆಷಲ್ ಪಟ್ಟಿಯಲ್ಲಿ ಡಿಡಿಇ ಲಿಂಕ್ ಎಂಬ ಆಯ್ಕೆ ಇದೆ. ಹೀಗೆ ಅಂಟಿಸಿದ ಕೋಷ್ಟಕ ಮೂಲ ಹಾಳೆಯ ಜೊತೆ ನಂಟು ಇಟ್ಟುಕೊಳ್ಳುತ್ತದೆ. ಲೆಕ್ಕಪರಿಶೋಧಕರು ಸೂಚಿಸಿದ ತಿದ್ದುಪಡಿಯನ್ನು ಕ್ಯಾಲ್ಕ್‌ನಲ್ಲಿ ಮಾಡಿದರೆ ವರದಿಯಲ್ಲಿಯೂ ಅಂಕಿ ಬದಲಾಗುತ್ತದೆ. ಪರಿಶೋಧನೆ ಮುಗಿಯುವ ಮೊದಲೇ ವರದಿಯ ಕರಡು ತಯಾರಿಸುವ ಅನಿವಾರ್ಯತೆ ಇರುವ ಸಂಘಗಳಿಗೆ ಇದಕ್ಕಿಂತ ಉಪಯುಕ್ತವಾದ ಸೌಲಭ್ಯ ಇನ್ನೊಂದಿಲ್ಲ. ಆದರೆ ಅದರ ಮಿತಿಗಳನ್ನು ಅರಿತೇ ಬಳಸಬೇಕು. ಮೂಲ ಹಾಳೆಯ ಅಲಂಕಾರ ಇದರಲ್ಲಿ ಬರುವುದಿಲ್ಲ. ಕೊಂಡಿ ಹಾಕುವ ಮುನ್ನ ಕ್ಯಾಲ್ಕ್ ಕಡತವನ್ನು ಉಳಿಸಿ ಹೆಸರು ಕೊಟ್ಟಿರಬೇಕು. ಕಡತವನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಅಥವಾ ವರದಿಯನ್ನು ಮಾತ್ರ ಪೆನ್‌ಡ್ರೈವ್‌ಗೆ ಹಾಕಿ ಬೇರೆ ಕಂಪ್ಯೂಟರಿಗೆ ಒಯ್ದರೆ ಕೊಂಡಿ ಕಡಿದುಹೋಗುತ್ತದೆ. ಆಯ್ದ ಸೆಲ್‌ಗಳ ವ್ಯಾಪ್ತಿಯ ಕೆಳಗೆ ಹೊಸ ಸಾಲು ಸೇರಿಸಿದರೆ ಅದು ವರದಿಗೆ ಬರುವುದಿಲ್ಲ. ಇಪ್ಪತ್ತನೆಯ ಸಾಲಿನವರೆಗೆ ಕೊಂಡಿ ಹಾಕಿ, ಇಪ್ಪತ್ತೊಂದನೆಯ ಸಾಲಿನಲ್ಲಿ ಹೊಸ ಠೇವಿನ ಯೋಜನೆಯೊಂದನ್ನು ಬರೆದರೆ ವರದಿಗೆ ಅದರ ಸುಳಿವೇ ಇರುವುದಿಲ್ಲ.

‘ಲೆಕ್ಕದಲ್ಲಿ ಬದಲಾಯಿಸಿದೆ, ವರದಿಯಲ್ಲಿ ಬದಲಾಗಲಿಲ್ಲ’ ಎನ್ನುವವರು ಎರಡು ಕಡೆ ನೋಡಬೇಕು. ಅಂಟಿಸಿದ್ದು ಆರ್‌ಟಿಎಫ್ ಆಗಿದ್ದರೆ ಅದು ಬದಲಾಗುವುದೇ ಇಲ್ಲ, ಅದರಲ್ಲಿ ಸೂತ್ರವೂ ಇರುವುದಿಲ್ಲ, ಕಾಪಿ ಮಾಡಿದ ಕ್ಷಣದ ಅಂಕಿ ಮಾತ್ರ ಇರುತ್ತದೆ. ಕೊಂಡಿಯೇ ಆಗಿದ್ದರೆ ಟೂಲ್ಸ್ ಮೆನುವಿನ ಅಪ್‌ಡೇಟ್‌ನಲ್ಲಿರುವ ಲಿಂಕ್ಸ್ ಒತ್ತಬೇಕು. ಜೊತೆಗೆ ಆಪ್ಷನ್ಸ್‌ನ ರೈಟರ್ ವಿಭಾಗದಲ್ಲಿ, ಕಡತ ತೆರೆಯುವಾಗ ಕೊಂಡಿಗಳನ್ನು ಯಾವಾಗಲೂ ನವೀಕರಿಸಬೇಕೋ, ಕೇಳಿ ನವೀಕರಿಸಬೇಕೋ, ನವೀಕರಿಸಲೇಬಾರದೋ ಎಂಬ ಮೂರು ಆಯ್ಕೆಗಳಲ್ಲಿ ಯಾವುದು ಇದೆ ಎಂದು ಪರಿಶೀಲಿಸಬೇಕು. ಕರಡಿನ ಹಂತದಲ್ಲಿ ಕೊಂಡಿ, ಪರಿಶೋಧನೆ ಮುಗಿದು ಅಂಕಿಗಳು ಅಂತಿಮವಾದ ಮೇಲೆ ಆರ್‌ಟಿಎಫ್ ಎಂಬ ಕ್ರಮ ನನಗೆ ಅತ್ಯಂತ ಸುರಕ್ಷಿತವಾಗಿ ತೋರಿದೆ.

ಕನ್ನಡ ಅಕ್ಷರಗಳ ವಿಷಯದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಅವನ್ನು ಒಂದೆಂದು ತಿಳಿದು ಪರಿಹಾರ ಹುಡುಕಿದರೆ ಹೊತ್ತು ಹಾಳು. ಮೊದಲನೆಯದು ಹಳೆಯ ಕಡತಗಳದು. ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಹಾಳೆಗಳಲ್ಲಿ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಅವುಗಳಿಗೆ ಕನ್ನಡದ ರೂಪ ಕೊಡುವುದು ಫಾಂಟು. ಇಂಥ ಹಾಳೆಯನ್ನು ಬರಿಯ ಪಠ್ಯವಾಗಿ ಅಂಟಿಸಿದರೆ ಫಾಂಟು ಕಳಚಿಹೋಗಿ ಸದಸ್ಯರ ಹೆಸರುಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಆರ್‌ಟಿಎಫ್ ಆಗಿ ಅಂಟಿಸಿದರೆ ಫಾಂಟಿನ ಹೆಸರೂ ಜೊತೆಗೆ ಬರುವುದರಿಂದ, ಆ ಫಾಂಟು ಕಂಪ್ಯೂಟರಿನಲ್ಲಿ ಇದ್ದರೆ, ಕನ್ನಡ ಕಾಣುತ್ತದೆ. ಇದು ತಾತ್ಕಾಲಿಕ ಉಪಾಯ ಮಾತ್ರ. ಹಳೆಯ ಹಾಳೆಯ ಪಠ್ಯವನ್ನು ಪರಿವರ್ತಕದ ಮೂಲಕ ಒಮ್ಮೆ ಯೂನಿಕೋಡ್‌ಗೆ ಬದಲಾಯಿಸಿ, ಹೆಸರುಗಳನ್ನು ಕಣ್ಣಿಟ್ಟು ಓದಿ ತಿದ್ದಿಕೊಂಡರೆ ಪ್ರತಿವರ್ಷದ ಗೋಳು ತಪ್ಪುತ್ತದೆ. ವಟ್ರಸುಳಿ, ಅರ್ಕಾವತ್ತು ಬರುವ ಹೆಸರುಗಳನ್ನು ವಿಶೇಷವಾಗಿ ನೋಡಬೇಕು.

ಎರಡನೆಯ ತೊಂದರೆ ಯೂನಿಕೋಡ್ ಪಠ್ಯದಲ್ಲೂ ಬರುತ್ತದೆ. ಲಿಬ್ರೆಆಫೀಸ್ ಇಂಗ್ಲಿಷ್‌ನಂಥ ಲಿಪಿಗಳಿಗೆ ಒಂದು ಫಾಂಟು, ಕನ್ನಡದಂಥ ಸಂಕೀರ್ಣ ಲಿಪಿಗಳಿಗೆ ಇನ್ನೊಂದು ಫಾಂಟು ಎಂದು ಎರಡು ಲೆಕ್ಕ ಇಡುತ್ತದೆ. ಇದರಿಂದ ‘ಕೆಂಪುಗೋಟು’ ಎಂಬ ಸೆಲ್‌ನಲ್ಲಿ ಒಂದು ಗಾತ್ರ, ಪಕ್ಕದ ಬರಿಯ ಅಂಕಿಗಳ ಸೆಲ್‌ನಲ್ಲಿ ಇನ್ನೊಂದು ಗಾತ್ರ ಕಾಣಿಸಿಕೊಳ್ಳಬಹುದು. ಮೇಲಿನ ಪಟ್ಟಿಯಲ್ಲಿ ಗಾತ್ರ ಬದಲಾಯಿಸಿದಾಗ ಅರ್ಧ ಕೋಷ್ಟಕ ಮಾತ್ರ ಬದಲಾಗಬಹುದು. ಆಪ್ಷನ್ಸ್‌ನ ಭಾಷಾ ವಿಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದಕ್ಕೆ ಗುರುತು ಹಾಕಿ ಕನ್ನಡವನ್ನು ಆರಿಸಿದ ಮೇಲೆ, ಅಕ್ಷರಗಳ ಸಂವಾದದಲ್ಲಿ ಎರಡೂ ಫಾಂಟುಗಳ ಗಾತ್ರವನ್ನು ಬೇರೆಬೇರೆಯಾಗಿ ಹೊಂದಿಸಬಹುದು. ಪ್ರತಿ ಕೋಷ್ಟಕಕ್ಕೂ ಇದನ್ನು ಮಾಡುವ ಬದಲು ಎಫ್11 ಒತ್ತಿ ಸ್ಟೈಲ್ಸ್ ಪಟ್ಟಿಯಲ್ಲಿರುವ ಟೇಬಲ್ ಕಂಟೆಂಟ್ಸ್ ಶೈಲಿಯನ್ನು ಒಮ್ಮೆ ಸರಿಪಡಿಸಿ, ಅಂಕಿಗಳಿಗಾಗಿ ಬಲಕ್ಕೆ ಹೊಂದಿಕೊಳ್ಳುವ ಇನ್ನೊಂದು ಶೈಲಿ ಮಾಡಿಟ್ಟುಕೊಂಡರೆ, ಅಂಟಿಸಿದ ಕೋಷ್ಟಕದ ಮೇಲೆ ಕಂಟ್ರೋಲ್-ಎಂ ಒತ್ತಿ ಹಳೆಯ ಅಲಂಕಾರ ತೆಗೆದು ಈ ಶೈಲಿಗಳನ್ನು ಹಾಕುವುದು ಕ್ಷಣದ ಕೆಲಸ. ಇಡೀ ವರದಿ ಒಂದೇ ಕೈಯಲ್ಲಿ ಬರೆದಂತೆ ಕಾಣುವುದು ಇಂಥ ಶೈಲಿಗಳಿಂದಲೇ. ಈ ವ್ಯವಸ್ಥೆಯನ್ನು ರೈಟರ್‌ನ ಅತ್ಯುತ್ತಮ ಭಾಗವೆಂದು ಪರಿಗಣಿಸುತ್ತೇನೆ.

ಅಂಕಿಗಳ ವಿಷಯದಲ್ಲಿ ತಂತ್ರಾಂಶದ ತಪ್ಪಲ್ಲದಿದ್ದರೂ ತಂತ್ರಾಂಶದ ತಲೆಗೆ ಕಟ್ಟಲಾಗುವ ಒಂದು ತೊಂದರೆ ಇದೆ. ಹಾಳೆಯಲ್ಲಿ ಕಾಣುವ ಅಂಕಿ ಬೇರೆ, ಒಳಗೆ ಇರುವ ಅಂಕಿ ಬೇರೆ. ಲಕ್ಷದ ಲೆಕ್ಕದಲ್ಲಿ 1.234, 2.334, 3.334 ಎಂಬ ಮೂರು ಮೊತ್ತಗಳನ್ನು ಎರಡು ದಶಾಂಶಕ್ಕೆ ಇಳಿಸಿದರೆ ಕಾಣುವುದು 1.23, 2.33, 3.33, ಆದರೆ ಒಟ್ಟು 6.902 ಆದ್ದರಿಂದ ಕಾಣುವ ಒಟ್ಟು 6.90. ವರದಿಯಲ್ಲಿ ಕಾಣುವ ಮೂರನ್ನು ಕೂಡಿದವರಿಗೆ ಸಿಗುವುದು 6.89. ಸಾವಿರ ರೂಪಾಯಿಯ ಈ ವ್ಯತ್ಯಾಸವನ್ನು ಸಭೆಯಲ್ಲಿ ಎದ್ದು ಕೇಳುವ ಸದಸ್ಯರು ನಮ್ಮ ಸೀಮೆಯಲ್ಲಿ ಧಾರಾಳವಾಗಿದ್ದಾರೆ, ಕೇಳುವುದು ಅವರ ಹಕ್ಕು. ಕಾಪಿ ಮಾಡುವ ಮೊದಲೇ ಕ್ಯಾಲ್ಕ್‌ನಲ್ಲಿ ರೌಂಡ್ ಸೂತ್ರ ಬಳಸಿ ಅಂಕಿಯನ್ನೇ ಇಳಿಸಿಕೊಳ್ಳಬೇಕು, ಅಥವಾ ಪೂರ್ಣ ರೂಪಾಯಿಗಳಲ್ಲೇ ಕೋಷ್ಟಕ ಕೊಡಬೇಕು. ಲಕ್ಷ, ಕೋಟಿಗಳ ಅಲ್ಪವಿರಾಮ ನಮ್ಮ ಪದ್ಧತಿಯಂತೆ ಬರಬೇಕಾದರೆ ಫಾರ್ಮ್ಯಾಟ್ ಕೋಡ್ ಜಾಗದಲ್ಲಿ #,##,##0 ಎಂದು ಬರೆದರೆ 12,34,567 ಎಂದು ಕಾಣುತ್ತದೆ. ಆರ್‌ಟಿಎಫ್ ಆಗಿ ಅಂಟಿಸಿದಾಗ ಕಾಣುವ ರೂಪವೇ ಬರುತ್ತದೆ. ಹಲವು ವರ್ಷಗಳ ಪ್ರಗತಿಯ ಕೋಷ್ಟಕ ಎಕ್ಸೆಲ್‌ನಲ್ಲಿ ತಯಾರಾಗಿದ್ದರೆ ವರ್ಷದ ಕಾಲಂ ಮೇಲೆ ಕಣ್ಣಾಡಿಸಬೇಕು. 2011-12 ಎಂದು ಟೈಪ್ ಮಾಡಿದ್ದನ್ನು ಎಕ್ಸೆಲ್ 2011ರ ಡಿಸೆಂಬರ್ ಎಂದು ತಿಳಿದು ದಿನಾಂಕವಾಗಿಸುತ್ತದೆ. 2012-13ರಿಂದ ಮುಂದಕ್ಕೆ ಹದಿಮೂರನೆಯ ತಿಂಗಳು ಇಲ್ಲದ ಕಾರಣ ಹಾಗೆಯೇ ಬಿಡುತ್ತದೆ. ಆ ಕಾಲಂ ಅನ್ನು ಟೈಪ್ ಮಾಡುವ ಮೊದಲೇ ಟೆಕ್ಸ್ಟ್ ಎಂದು ನಿಗದಿಪಡಿಸುವುದೇ ಪರಿಹಾರ.

ಅಡಿಕೆ ವಿಕ್ರಿಯಂಥ ಅಗಲದ ಕೋಷ್ಟಕ ಎ4 ಪುಟದ 210 ಮಿಲಿಮೀಟರ್ ಅಗಲಕ್ಕೆ ಹಿಡಿಸದಿದ್ದರೆ ಅಕ್ಷರ ಕುಗ್ಗಿಸುವುದಕ್ಕಿಂತ ಪುಟವನ್ನೇ ಅಡ್ಡ ತಿರುಗಿಸುವುದು ಒಳ್ಳೆಯದು. ಇನ್ಸರ್ಟ್ ಮೆನುವಿನಲ್ಲಿ ಮ್ಯಾನ್ಯುವಲ್ ಬ್ರೇಕ್ ಆರಿಸಿ ಲ್ಯಾಂಡ್‌ಸ್ಕೇಪ್ ಎಂಬ ಪುಟಶೈಲಿ ಕೊಟ್ಟರೆ ಅಲ್ಲಿಂದ ಪುಟ ಅಡ್ಡವಾಗುತ್ತದೆ. ಕೋಷ್ಟಕ ಮುಗಿದ ಮೇಲೆ ಅದೇ ರೀತಿಯಲ್ಲಿ ಮೊದಲಿನ ಪುಟಶೈಲಿಗೆ ಮರಳಬೇಕು. ವರ್ಡ್‌ನ ಸೆಕ್ಷನ್ ವ್ಯವಸ್ಥೆಗೆ ಒಗ್ಗಿದವರಿಗೆ ಇದು ಮೊದಲು ಗೊಂದಲವೆನಿಸಬಹುದು.

ವರ್ಡ್‌ನೊಂದಿಗೆ ಹೋಲಿಸಿದರೆ ಒಂದು ವಿಷಯದಲ್ಲಿ ಲಿಬ್ರೆಆಫೀಸ್ ಸ್ಪಷ್ಟವಾಗಿ ಹಿಂದಿದೆ. ವರ್ಡ್‌ನಲ್ಲಿ ಅಂಟಿಸಿದ ತಕ್ಷಣ ಕೋಷ್ಟಕದ ಮೂಲೆಯಲ್ಲಿ ಒಂದು ಚಿಕ್ಕ ಗುಂಡಿ ಕಾಣಿಸಿಕೊಂಡು, ಮೂಲದ ಅಲಂಕಾರ ಉಳಿಸಬೇಕೇ, ಇಲ್ಲಿನ ಶೈಲಿಗೆ ಹೊಂದಿಸಬೇಕೇ, ಕೊಂಡಿ ಬೇಕೇ, ಚಿತ್ರ ಬೇಕೇ, ಪಠ್ಯ ಮಾತ್ರ ಸಾಕೇ ಎಂದು ಕೇಳುತ್ತದೆ. ಹೊಸಬರಿಗೆ ಆಯ್ಕೆಗಳಿವೆ ಎಂಬುದಾದರೂ ಹೀಗೆ ತಿಳಿಯುತ್ತದೆ. ಲಿಬ್ರೆಆಫೀಸ್‌ನಲ್ಲಿ ಅಂಥ ಸೂಚನೆಯಿಲ್ಲ; ಪೇಸ್ಟ್ ಸ್ಪೆಷಲ್‌ನ ಹೆಸರನ್ನೇ ಕೇಳದ ಗುಮಾಸ್ತರು ವರ್ಷಗಟ್ಟಲೆ ಕಂಟ್ರೋಲ್-ವಿ ಒತ್ತುತ್ತಲೇ ಇರಬಹುದು. ಪಟ್ಟಿಯ ಹೆಸರುಗಳೂ ಕೆಲಸವನ್ನು ಹೇಳುವುದಿಲ್ಲ, ತಂತ್ರವನ್ನು ಹೇಳುತ್ತವೆ. ಆರ್‌ಟಿಎಫ್ ಎಂದರೆ ತಿದ್ದಬಹುದಾದ ಕೋಷ್ಟಕ, ಡಿಡಿಇ ಎಂದರೆ ಮೂಲದೊಂದಿಗೆ ಬದಲಾಗುವ ಕೋಷ್ಟಕ ಎಂದು ಅಲ್ಲಿಯೇ ಬರೆದಿದ್ದರೆ ಎಷ್ಟೋ ಕಚೇರಿಗಳ ಸಂಜೆಗಳು ಉಳಿಯುತ್ತಿದ್ದವು. ಇದೊಂದನ್ನು ಬಿಟ್ಟರೆ, ಶೈಲಿಗಳ ಹಿಡಿತ, ಕನ್ನಡ ಅಕ್ಷರಗಳ ಜೋಡಣೆ, ಕಾಸಿಲ್ಲದೆ ಎಲ್ಲ ಮೇಜುಗಳಿಗೂ ಸಿಗುವ ಅನುಕೂಲ ಇವುಗಳನ್ನು ನೋಡಿ ಸಹಕಾರಿ ಸಂಘಗಳಿಗೆ ಇದನ್ನೇ ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ.

ಮುದ್ರಣಾಲಯಕ್ಕೆ ಕಳಿಸುವಾಗ ರೈಟರ್ ಕಡತವನ್ನಾಗಲಿ ವರ್ಡ್ ಕಡತವನ್ನಾಗಲಿ ಕಳಿಸದೆ ಪಿಡಿಎಫ್ ಮಾಡಿಯೇ ಕಳಿಸಬೇಕು. ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್ ಫಾಂಟುಗಳನ್ನೂ ಕಡತದೊಳಗೆ ಸೇರಿಸುವುದರಿಂದ ಮುದ್ರಣಾಲಯದ ಕಂಪ್ಯೂಟರಿನಲ್ಲಿ ಅದೇ ಕನ್ನಡ ಫಾಂಟು ಇಲ್ಲದಿದ್ದರೂ ಒತ್ತಕ್ಷರಗಳು ಕೆಡುವುದಿಲ್ಲ, ಕೋಷ್ಟಕದ ಗೆರೆಗಳು ಸರಿಯುವುದಿಲ್ಲ, ಕೊಂಡಿಗಳ ಪ್ರಶ್ನೆಯೂ ಏಳುವುದಿಲ್ಲ. ಪಿಡಿಎಫ್ ಸಿದ್ಧವಾದ ಮೇಲೆ ಒಬ್ಬರು ಕ್ಯಾಲ್ಕ್ ಹಾಳೆಯನ್ನು ತೆರೆದಿಟ್ಟುಕೊಂಡು ಪ್ರತಿ ಕೋಷ್ಟಕದ ಒಟ್ಟು ಮೊತ್ತವನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪಿಡಿಎಫ್‌ನಲ್ಲಿ ಅದನ್ನು ತಾಳೆ ನೋಡಬೇಕು. ಕೊನೆಯ ಸಾಲು ಮುಂದಿನ ಪುಟಕ್ಕೆ ಹೋಗಿರುವ ಕೋಷ್ಟಕಗಳಿಂದ ಈ ಓದನ್ನು ಶುರು ಮಾಡುವುದು ಒಳ್ಳೆಯದು.